ಹಸಿರು ದೀಪ ನಂಬಿ ಕೂತಿದ್ದೆ

ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾದಾಗ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂದು ಊರಿಗೆಲ್ಲ ಹೇಳಿಕೊಂಡಿದ್ದೆ. ಬೆಂಗಳೂರಿಗೆ ಬಂದರೆ ಸಿಕ್ಕಿದ್ದು ಮಾನಿಟರಿಂಗ್ ತಂಡ, ಅದೂ ರಾತ್ರಿ ಪಾಳಿ. ಗೆಳೆಯರು ಕೋಡ್ ಬರೆಯುತ್ತಿದ್ದರೆ ನಾನು ಪರದೆ ಮೇಲಿನ ಹಸಿರು, ಕೆಂಪು ಬಣ್ಣ ಕಾಯುವ ವಾಚ್‌ಮನ್!

ನಮ್ಮದು ಬಸ್ ಟಿಕೆಟ್ ಬುಕಿಂಗ್ ಸಾಫ್ಟ್‌ವೇರ್. ಗೌರಿ ಹಬ್ಬದ ಹಿಂದಿನ ವಾರ, ರಾತ್ರಿ ಹನ್ನೊಂದೂವರೆಗೆ ಒಂದು ಫೋನ್ ಬಂತು. ‘ದುಡ್ಡು ಕಟ್ ಆಗಿದೆ, ಟಿಕೆಟ್ ಬಂದಿಲ್ಲ. ಕಂಡಕ್ಟರ್ ಹತ್ತಿಸ್ತಿಲ್ಲಪ್ಪ’ ಎಂದರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಹಿರಿಯರೊಬ್ಬರು. ಪರದೆ ನೋಡಿದೆ, ಎಲ್ಲ ಹಸಿರು. ‘ನಮ್ಮ ಕಡೆ ಸರಿಯಾಗಿದೆ ಸಾರ್, ಬ್ಯಾಂಕಿಗೆ ಕೇಳಿ’ ಎಂದುಬಿಟ್ಟೆ. ಬೆಳಗಾಗುವಷ್ಟರಲ್ಲಿ ಅಂಥ ದೂರು ಅರವತ್ತು ದಾಟಿತ್ತು. ಸರ್ವರ್ ಜೀವಂತವಾಗಿದೆಯೇ ಎಂದಷ್ಟೇ ನಾವು ನೋಡುತ್ತಿದ್ದೆವು. ಅದು ಮಾಡಬೇಕಾದ್ದನ್ನು ಮಾಡುತ್ತಿದೆಯೇ ಎಂದು ಯಾರೂ ನೋಡುತ್ತಿರಲಿಲ್ಲ.

ಕೆಲಸ ಹೋಯಿತು ಎಂದುಕೊಂಡೇ ಮೇಡಂ ಮುಂದೆ ನಿಂತೆ. ಅವರು ಬೈಯಲಿಲ್ಲ. ‘ಹಣ ಕಟ್ ಆದಮೇಲೆ ಏನಾಗಬೇಕು? ಒಂದೇ ವಾಕ್ಯದಲ್ಲಿ ಹೇಳಿ’ ಎಂದರು. ‘ಐದು ನಿಮಿಷದೊಳಗೆ ಟಿಕೆಟ್ ಬರಬೇಕು, ಇಲ್ಲಾ ಹಣ ವಾಪಸಾಗಬೇಕು’ ಎಂದೆ. ‘ಅದನ್ನೇ ಪ್ರೋಗ್ರಾಂ ಮಾಡಿ.’

ಇದಕ್ಕೆ ರನ್‌ಟೈಮ್ ವೆರಿಫಿಕೇಶನ್ ಎನ್ನುತ್ತಾರೆಂದು ಗೊತ್ತಾಗಿದ್ದು ಆಮೇಲೆ. ಟೆಸ್ಟಿಂಗ್‌ನಲ್ಲಿ ನಾವು ಊಹಿಸಿಕೊಂಡ ಸಂದರ್ಭಗಳನ್ನು ಮೊದಲೇ ಪರೀಕ್ಷಿಸುತ್ತೇವೆ. ಇಲ್ಲಿ ಹಾಗಲ್ಲ, ಸಾಫ್ಟ್‌ವೇರ್ ನಿಜವಾಗಿ ಓಡುತ್ತಿರುವಾಗಲೇ ಪಕ್ಕದಲ್ಲಿ ಇನ್ನೊಂದು ಪುಟ್ಟ ಪ್ರೋಗ್ರಾಂ ನಿಯಮ ಹಿಡಿದು ಕೂತಿರುತ್ತದೆ. ಪ್ರತಿ ಪಾವತಿಗೂ ಗಡಿಯಾರ ಶುರು ಮಾಡುತ್ತದೆ. ಟಿಕೆಟ್ ಇಲ್ಲವೇ ರೀಫಂಡ್‌ನ ಸುದ್ದಿ ಬಂದರೆ ನಿಲ್ಲಿಸುತ್ತದೆ, ಬಾರದಿದ್ದರೆ ಕೂಗುತ್ತದೆ. ಕಾಲೇಜಿನಲ್ಲಿ ಪಾಸಾಗಲಷ್ಟೇ ಓದಿದ್ದ ಟೆಂಪೊರಲ್ ಲಾಜಿಕ್ ಇರುವುದು ಇಂಥ ನಿಯಮ ಬರೆಯುವುದಕ್ಕೇ. ಆದರೆ ಇದು ತಪ್ಪು ನಡೆಯದಂತೆ ತಡೆಯುವ ಮಂತ್ರವಲ್ಲ. ಕಣ್ಣೆದುರು ನಡೆದದ್ದನ್ನು ಮಾತ್ರ ಹೇಳುತ್ತದೆ. ನಿಯಮವೇ ತಪ್ಪಿದ್ದರೆ ಅದೂ ತಪ್ಪುತ್ತದೆ. ಬ್ಯಾಂಕ್ ತಡಮಾಡಿದಾಗಲೆಲ್ಲ ನಮ್ಮ ‘ಐದು ನಿಮಿಷ’ ಸುಮ್ಮನೆ ಕೂಗಿ, ಕೊನೆಗೆ ನಾವೇ ಅದರ ಸದ್ದು ಅಡಗಿಸಿದ್ದೆವು!

ಅದನ್ನು ಕಂಡು ಮೇಡಂ ನನಗೆ ಓದಲು ಕೊಟ್ಟಿದ್ದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿಯ ಕಥೆ. 2012ರ ಆಗಸ್ಟ್ 1. ಹೊಸ ಕೋಡ್ ಎಂಟು ಸರ್ವರ್‌ಗಳಿಗೆ ಹೋಗಬೇಕಿತ್ತು, ಒಂದಕ್ಕೆ ಹೋಗಲಿಲ್ಲ. ಅದರಲ್ಲಿ 2003ರಿಂದ ಬಳಸದೆ ಬಿಟ್ಟಿದ್ದ ಹಳೇ ಕೋಡ್ ಎದ್ದು ಕೂತಿತು. 45 ನಿಮಿಷದಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು, 46 ಕೋಟಿ ಡಾಲರ್‌ಗೂ ಮೀರಿದ ನಷ್ಟ. ಮಾರುಕಟ್ಟೆ ತೆರೆಯುವ ಮುನ್ನವೇ ಕಂಪನಿಯ ಸಿಸ್ಟಂ ದೋಷ ಸೂಚಿಸುವ 97 ಇ–ಮೇಲ್ ಕಳಿಸಿತ್ತು. ಎಚ್ಚರಿಕೆ ಎಂದು ಯಾರೂ ಅವನ್ನು ಓದಲಿಲ್ಲ. ನಾನಿದ್ದರೂ ಓದುತ್ತಿರಲಿಲ್ಲವೇನೋ.

ಮರುದಿನ ಕೂತು ನಿಯಮವನ್ನು ತಿದ್ದಿದೆವು: ಬ್ಯಾಂಕಿನ ಉತ್ತರ ಬಂದ ಮೇಲಷ್ಟೇ ಗಡಿಯಾರ ಶುರು. ಈಗ ವಾರಕ್ಕೆ ಎರಡೋ ಮೂರೋ ಸಲ ಮಾತ್ರ ಕೂಗುತ್ತದೆ.

ಕಳೆದ ವಾರ ರಾತ್ರಿ ಎರಡು ಗಂಟೆಗೆ ಕೂಗಿತು. ಮೂರು ಪಾವತಿ, ಟಿಕೆಟ್ ಇಲ್ಲ. ಪರದೆ ಆಗಲೂ ಪೂರ್ತಿ ಹಸಿರು. ಕೋಡ್ ಬರೆದವನನ್ನೇ ಫೋನ್ ಮಾಡಿ ಎಬ್ಬಿಸಿದೆ. ‘ಮೂರಕ್ಕೆಲ್ಲ ಎಬ್ಬಿಸ್ತೀಯೇನೋ?’ ಎಂದು ಗೊಣಗುತ್ತಲೇ ಲ್ಯಾಪ್‌ಟಾಪ್ ತೆರೆದ.