ಬೆಟ್ಟವೇರುವ ಬಂಡಿಗೆ ಬೇರೆಯ ಅಚ್ಚು

ಎತ್ತಿನ ಗಾಡಿಯ ಒಂದು ಚಕ್ರವು ಕಲ್ಲನ್ನೇರಿದಾಗ ಇನ್ನೊಂದು ಚಕ್ರವೂ ಓರೆಯಾಗುತ್ತದೆ. ಎರಡನ್ನೂ ಒಂದೇ ಅಚ್ಚು ಕೂಡಿಸಿರುವುದೇ ಇದಕ್ಕೆ ಕಾರಣ. ನಮ್ಮ ಮಲೆನಾಡಿನ ತೋಟಗಳಲ್ಲಿ ದುಡಿದ ಹಳೆಯ ಜೀಪುಗಳ ಮುಂಭಾಗದಲ್ಲಿಯೂ ಇಂತಹ ಅಖಂಡವಾದ ಅಚ್ಚೇ ಇರುವುದು. ಆದರೆ ಅದು ಬರಿಯ ದಂಡವಲ್ಲ. ಟೊಳ್ಳಾದ ಉಕ್ಕಿನ ಕೊಳವೆ. ಅದರೊಳಗೆ ಚಕ್ರಗಳನ್ನು ತಿರುಗಿಸುವ ಶಾಫ್ಟುಗಳೂ, ಒಂದು ಬದಿಗೆ ಉಬ್ಬಿದ ಕೋಶದಲ್ಲಿ ಡಿಫರೆನ್ಷಿಯಲ್ ಎಂಬ ಗೇರುಗಳ ಕೂಟವೂ ಅಡಗಿರುತ್ತವೆ.

ಇಂದಿನ ಬಹುಪಾಲು ಕಾರುಗಳಲ್ಲಿ ಮುಂದಿನ ಚಕ್ರಗಳು ಒಂದನ್ನೊಂದು ಅವಲಂಬಿಸದೆ ಏರಿಳಿಯುತ್ತವೆ. ವೇಗದ ಪಯಣಕ್ಕೆ ಇದು ಸುಖಕರ. ಅಮೆರಿಕದಲ್ಲಿ ಟೊಯೋಟಾ ಸಂಸ್ಥೆಯು 1979ರಿಂದ 1985ರ ವರೆಗಿನ ನಾಲ್ಕು ಚಕ್ರ ಚಾಲನೆಯ ಪಿಕಪ್ ವಾಹನಗಳಿಗೆ ಅಖಂಡ ಅಚ್ಚನ್ನು ಕೊಟ್ಟಿತ್ತು. 1986ರ ಮಾದರಿಯಿಂದ ಸ್ವತಂತ್ರ ವ್ಯವಸ್ಥೆಯನ್ನು ಅಳವಡಿಸಿತು. ಬಂಡೆಗಳ ಮೇಲೆ ವಾಹನ ನಡೆಸುವ ಹವ್ಯಾಸಿಗಳಿಗೆ ಇದು ರುಚಿಸಲಿಲ್ಲ. ಅಖಂಡ ಅಚ್ಚಿನಲ್ಲಿ ಒಂದು ಚಕ್ರ ಮೇಲಕ್ಕೆ ಹೋದರೆ ಇನ್ನೊಂದು ಕೆಳಕ್ಕೆ ಒತ್ತಲ್ಪಟ್ಟು ನೆಲವನ್ನು ಬಿಡದೆ ಹಿಡಿಯುತ್ತದೆ. ಆದುದರಿಂದ ಅವರು ಹೊಸ ವ್ಯವಸ್ಥೆಯನ್ನು ಕಿತ್ತು, ಬೇರೊಂದು ವಾಹನದಿಂದ ಕಳಚಿ ತಂದ ಅಚ್ಚನ್ನು ಜೋಡಿಸತೊಡಗಿದರು.

ಯಾವ ವಾಹನದ ಅಚ್ಚನ್ನು ತರಬೇಕು? ‘ಎಲ್ಲಕ್ಕಿಂತ ದಪ್ಪನಾದುದನ್ನು’ ಎಂಬುದು ಹೊಸಬರ ಉತ್ತರ. ಅದು ಸರಿಯಲ್ಲವೆಂಬುದನ್ನು ಭೌತಶಾಸ್ತ್ರದ ಸರಳ ತತ್ತ್ವಗಳಿಂದಲೇ ತೋರಿಸಬಹುದು.

ಮೊದಲನೆಯದು ಬದಿಯ ಪ್ರಶ್ನೆ. ಎಂಜಿನಿನ ಬಲವನ್ನು ಮುಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಮೇಲೆ ಹೇಳಿದ ಟೊಯೋಟಾಗಳಲ್ಲಿ ವಾಹನದ ಬಲಮಗ್ಗುಲಿನಲ್ಲಿದೆ. 1978-79ರ ಫೋರ್ಡ್ ಎಫ್-150 ವಾಹನದ ಡಾನಾ 44 ಅಚ್ಚು ಬಹಳ ಗಟ್ಟಿಯಾದುದು. ಆದರೆ ಅದರ ಡಿಫರೆನ್ಷಿಯಲ್ ಎಡಕ್ಕಿದೆ. ಎಷ್ಟು ಗಟ್ಟಿಯಾದರೇನು? ಶಾಫ್ಟು ಅದನ್ನು ಮುಟ್ಟುವುದೇ ಇಲ್ಲ. ಅದೇ ಕಾಲದ ಷೆವ್ರೊಲೆ ಕೆ-10 ವಾಹನದ ಅಚ್ಚಿನಲ್ಲಿ ಅದು ಬಲಕ್ಕಿದೆ. ಚಕ್ರದ ಆರು ಬೋಲ್ಟುಗಳ ವೃತ್ತವೂ ಟೊಯೋಟಾದಂತೆ 139.7 ಮಿಲಿಮೀಟರ್. ಆದರೆ ಅದು ಹೆಚ್ಚು ಅಗಲವಾದುದು.

ಎರಡನೆಯದು ಗೇರುಗಳ ಪ್ರಮಾಣ. ಮುಂದಿನ ಅಚ್ಚಿನ ಪ್ರಮಾಣ 4.10, ಹಿಂದಿನದು 4.56 ಆಗಿದೆಯೆಂದು ಭಾವಿಸೋಣ. ಪ್ರೊಪೆಲ್ಲರ್ ಶಾಫ್ಟು 41 ಸುತ್ತು ತಿರುಗಿದಾಗ ಮುಂದಿನ ಚಕ್ರಗಳು 10 ಸುತ್ತು, ಹಿಂದಿನವು ಸುಮಾರು 9 ಸುತ್ತು ತಿರುಗುತ್ತವೆ. ಒಂದೇ ವಾಹನದ ಮುಂಭಾಗವೂ ಹಿಂಭಾಗವೂ ಬೇರೆ ಬೇರೆ ದೂರ ಹೋಗಲಾರವಷ್ಟೆ! ಗಟ್ಟಿ ನೆಲದ ಮೇಲೆ ಈ ವ್ಯತ್ಯಾಸವು ಶಾಫ್ಟುಗಳನ್ನು ತಿರುಚಿ ಕೊನೆಗೆ ಏನನ್ನಾದರೂ ಮುರಿಯುತ್ತದೆ. ಆದುದರಿಂದ ಎರಡು ಅಚ್ಚುಗಳ ಪ್ರಮಾಣವೂ ಒಂದೇ ಆಗಿರತಕ್ಕದ್ದು.

ಮೂರನೆಯದು ಬಲ. 190 ನ್ಯೂಟನ್-ಮೀಟರ್ ಟಾರ್ಕ್, ಅಂದರೆ ತಿರುಗುಬಲ, ಕೊಡುವ ಎಂಜಿನೊಂದನ್ನು ತೆಗೆದುಕೊಳ್ಳೋಣ. ಮೊದಲ ಗೇರು 4, ಕೆಳಗೇರು 2.28, ಅಚ್ಚಿನ ಪ್ರಮಾಣ 4.1 ಆದರೆ ಇವೆಲ್ಲದರ ಗುಣಲಬ್ಧ ಸುಮಾರು 7,100 ನ್ಯೂಟನ್-ಮೀಟರ್! ಆದರೆ ಇಷ್ಟೂ ಬಲವು ಸಾಮಾನ್ಯವಾಗಿ ಒಂದೇ ಶಾಫ್ಟಿನ ಮೇಲೆ ಬೀಳುವುದಿಲ್ಲ. ಅದಕ್ಕೆ ಮೊದಲೇ ಚಕ್ರ ಜಾರುತ್ತದೆ. ಚಕ್ರದ ಮೇಲಿನ ಭಾರ 600 ಕಿಲೋಗ್ರಾಂ, ಘರ್ಷಣ ಗುಣಾಂಕ 0.9, ಟಯರಿನ ವ್ಯಾಸ 31 ಅಂಗುಲ ಆಗಿದ್ದರೆ ಜಾರುವ ಮುನ್ನ ಶಾಫ್ಟು ಹೊರಬೇಕಾದುದು ಸುಮಾರು 2,090 ನ್ಯೂಟನ್-ಮೀಟರ್. 35 ಅಂಗುಲದ ಟಯರು ಹಾಕಿದರೆ ಅದು ಸುಮಾರು 2,355ಕ್ಕೆ ಏರುತ್ತದೆ. ಆದರೆ ಚಕ್ರವು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡರೆ ಜಾರಲು ಎಡೆಯಿಲ್ಲ. ಶಾಫ್ಟು ಮುರಿಯುವುದು ಆಗಲೇ.

ಹಾಗೆಂದು ಅತಿ ದಪ್ಪನಾದ ಅಚ್ಚು ಬೇಕಾಗಿಲ್ಲ. ಶಾಫ್ಟಿನ ತಿರುಚು-ಸಾಮರ್ಥ್ಯವು ವ್ಯಾಸದ ಘನಕ್ಕೆ ಅನುಪಾತದಲ್ಲಿರುವುದರಿಂದ ವ್ಯಾಸವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಸಾಮರ್ಥ್ಯವು ನೂರಕ್ಕೆ 33ರಷ್ಟು ಹೆಚ್ಚುತ್ತದೆ. ಹಳೆಯ ಟೊಯೋಟಾ ಅಚ್ಚಿನ ಕ್ರೌನ್ ಚಕ್ರದ ವ್ಯಾಸ 8 ಅಂಗುಲ, ಡಾನಾ 44ರದು 8.5, ಭಾರಿ ಟ್ರಕ್ಕುಗಳ ಡಾನಾ 60ರದು 9.75. ಡಾನಾ 60ರ ಕೋಶವು ಟೊಯೋಟಾದ್ದಕ್ಕಿಂತ ಸುಮಾರು 22 ಮಿಲಿಮೀಟರ್ ಕೆಳಕ್ಕೆ ಇಳಿಯುತ್ತದೆ. ಬಂಡೆಗೆ ಮೊದಲು ತಗಲುವುದೂ ಅದೇ. ಮೇಲಾಗಿ ಸ್ಪ್ರಿಂಗುಗಳ ಕೆಳಗಿನ ಈ ಭಾರವು ಪ್ರತಿ ಉಬ್ಬಿನಲ್ಲಿಯೂ ಚಕ್ರದೊಡನೆ ಕುಣಿಯುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ನಾಲ್ಕನೆಯದು ಚಕ್ರದ ಬಳಿಯ ಕೀಲು. ಮುಂದಿನ ಚಕ್ರವು ತಿರುಗುತ್ತಲೇ ಬದಿಗೂ ಹೊರಳಬೇಕು. ಟೊಯೋಟಾದಲ್ಲಿ ಉಕ್ಕಿನ ಗುಂಡುಗಳ ಕೀಲು ಇದ್ದು, ಯಾವ ಕೋನದಲ್ಲಿಯೂ ವೇಗ ಸಮನಾಗಿರುತ್ತದೆ. ಡಾನಾ ಅಚ್ಚುಗಳ ಶಿಲುಬೆಯಾಕಾರದ ಕೀಲು 30 ಡಿಗ್ರಿ ಬಾಗಿದಾಗ ಚಕ್ರದ ವೇಗವು ಪ್ರತಿ ಸುತ್ತಿನಲ್ಲಿಯೂ ಎರಡು ಸಲ 0.866ರಿಂದ 1.155 ಪಟ್ಟಿನ ವರೆಗೆ ಏರಿಳಿಯುತ್ತದೆ. ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ ವೇಗವರ್ಧಕವನ್ನು ಒತ್ತುವುದು ಎರಡು ಬಗೆಯ ಕೀಲಿಗೂ ಅಪಾಯಕರ.

ಕೊನೆಯದು ಪ್ರಾಣಕ್ಕೆ ಸಂಬಂಧಿಸಿದುದು. ಬೈಸಿಕಲ್ಲಿನ ಮುಂದಿನ ಕವಲು ಹಿಂದಕ್ಕೆ ವಾಲಿರುವುದನ್ನು ನೋಡಿ. ಚಕ್ರವು ತಾನಾಗಿ ನೇರಕ್ಕೆ ಮರಳುವುದಕ್ಕೆ ಈ ವಾಲಿಕೆಯೇ ಒಂದು ಮುಖ್ಯ ಕಾರಣ. ವಾಹನದ ಚಕ್ರಕ್ಕೂ ಅದು ಬೇಕು. ಪ್ರೊಪೆಲ್ಲರ್ ಶಾಫ್ಟಿನ ಕೋನವನ್ನು ತಗ್ಗಿಸಲು ಅಚ್ಚನ್ನು ಹೊರಳಿಸಿ ಪಿನಿಯನ್ನನ್ನು ಮೇಲಕ್ಕೆ ಎತ್ತಿದರೆ, ಅದೇ ಕೊಳವೆಗೆ ಬೆಸೆದಿರುವ ತಿರುವಿನ ಅಕ್ಷವು ಮುಂದಕ್ಕೆ ವಾಲುತ್ತದೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಟ್ಟಿತು! ಅಂತಹ ವಾಹನವು ಬಂಡೆಗಳ ಮೇಲೆ ಸೊಗಸಾಗಿ ಏರಿದರೂ ಹೆದ್ದಾರಿಯಲ್ಲಿ ಎಡಬಲಕ್ಕೆ ಅಲೆಯುತ್ತದೆ. ಆಗ ಅಪಾಯವು ಹವ್ಯಾಸಿಗೆ ಮಾತ್ರವಲ್ಲ, ಎದುರು ಬರುವವನಿಗೂ ತಪ್ಪಿದ್ದಲ್ಲ. ಪಿನಿಯನ್ ಎತ್ತರದಲ್ಲಿರುವ ಅಚ್ಚನ್ನು ಆರಿಸುವುದು, ಇಲ್ಲವೆ ನುರಿತವರಿಂದ ತುದಿಗಳನ್ನು ಕತ್ತರಿಸಿ ಸರಿಯಾದ ಕೋನದಲ್ಲಿ ಮರಳಿ ಬೆಸೆಸುವುದು ಇದಕ್ಕೆ ಪರಿಹಾರ.

ಈ ಕಾರಣದಿಂದಲೇ ಕಾನೂನು ಇಲ್ಲಿ ಎಚ್ಚರದಿಂದಿದೆ. ವಾಹನದ ನೋಂದಣಿ ವಿವರಗಳು ತಯಾರಕರು ಗೊತ್ತುಪಡಿಸಿದುದಕ್ಕೆ ಹೊಂದದಂತೆ ಮಾರ್ಪಡಿಸುವುದನ್ನು ನಮ್ಮ 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ತಡೆಯುತ್ತದೆ; 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು.

1986ರ ನಂತರದ ಟೊಯೋಟಾಕ್ಕೆ ಹಲವರು ಕೊನೆಗೆ ಆರಿಸಿದುದು ಅದರ ಹಿರಿಯಣ್ಣನಾದ 1979-85ರ ಪಿಕಪ್ಪಿನ ಅಚ್ಚನ್ನೇ. ಅದು ಎಲ್ಲಕ್ಕಿಂತ ಬಲವಾದುದಲ್ಲ. ಆದರೆ ಅದರ ಬದಿ ಸರಿ, ಬೋಲ್ಟುಗಳು ಸರಿ, ತೂಕವೂ ಮಿತ. ಅಗಲ ಮಾತ್ರ ತುಸು ಕಡಮೆ. ಗುಜರಿಯಲ್ಲಿ ಬಿದ್ದಿರುವ ಅಚ್ಚನ್ನು ಕೊಳ್ಳಹೋಗುವವನು ಹಣದ ಚೀಲಕ್ಕಿಂತ ಮೊದಲು ಅಳತೆಯ ಪಟ್ಟಿಯನ್ನು ಹೊರತೆಗೆಯಬೇಕು.