ಮನುಷ್ಯ ನದಿಯನ್ನು ಪಳಗಿಸಿದ ಎಂಬುದು ಅರ್ಧ ಸತ್ಯ ಮಾತ್ರ!

ಪ್ರಾಚೀನ ನಾಗರಿಕತೆಗಳ ಬಗ್ಗೆ ನಾವು ಓದಿರುವ ಕತೆ ಸರಳ: ಮನುಷ್ಯ ಕಾಲುವೆ ತೋಡಿ ನದಿಯನ್ನು ಪಳಗಿಸಿದ, ಒಣನೆಲ ಹಸಿರಾಯಿತು. ಆದರೆ ಆ ಕೆಲಸದಲ್ಲಿ ಅರ್ಧ ಪಾಲು ನದಿಯದ್ದೇ. ಇದಕ್ಕೆ ಸಾಕ್ಷಿ ದಕ್ಷಿಣ ಇರಾಕ್‌ನ ಎರಿಡು ಪ್ರದೇಶ.

ನೀರು ಹೊಲಕ್ಕೆ ಹೋಗಿದ್ದು ಹೇಗೆ?

ಇಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳುವುದಿಲ್ಲ. ಬಾರ್ಲಿ ಬೆಳೆಯಲು ಯೂಫ್ರೆಟಿಸ್ ನದಿಯೇ ಗತಿ. ಅದರ ಪ್ರವಾಹವೂ ಹೊತ್ತು ತಪ್ಪಿ ಬರುತ್ತಿತ್ತು. ಟರ್ಕಿಯ ಬೆಟ್ಟಗಳ ಹಿಮ ಕರಗಿ ನದಿ ಉಕ್ಕುವುದು ಏಪ್ರಿಲ್-ಮೇ ತಿಂಗಳಲ್ಲಿ, ಅಂದರೆ ಪೈರು ಕಟಾವಿಗೆ ಬಂದಾಗ. ಬಿತ್ತನೆಯ ಹೊತ್ತಿಗೆ ನದಿಯಲ್ಲಿ ನೀರು ಕಡಿಮೆ.

ಪಂಪ್ ಇಲ್ಲದ ಕಾಲದಲ್ಲಿ ನೀರನ್ನು ಮೇಲೆತ್ತಿದ್ದು ಹೇಗೆ? ಹೆಚ್ಚಿನ ಕಡೆ ಎತ್ತುವ ಅಗತ್ಯವೇ ಇರಲಿಲ್ಲ. ಪ್ರತಿ ಪ್ರವಾಹದಲ್ಲೂ ಹೂಳು ದಡದ ಪಕ್ಕದಲ್ಲೇ ಹೆಚ್ಚು ಕೂರುತ್ತದೆ. ಶತಮಾನಗಳಲ್ಲಿ ನದಿಯ ಪಾತ್ರ, ದಡ ಎರಡೂ ಸುತ್ತಲಿನ ಬಯಲಿಗಿಂತ ಎತ್ತರವಾಗುತ್ತವೆ. ಅಲ್ಲಲ್ಲಿ ದಡ ತಾನಾಗಿ ಒಡೆಯುತ್ತದೆ. ರೈತರು ಆ ಒಡಕುಗಳನ್ನು ಬಳಸಿಕೊಂಡರು. ನೀರು ಇಳಿಜಾರಿನಲ್ಲಿ ಹೊಲಕ್ಕೆ ಹರಿಯಿತು.

ಗೊತ್ತಾಗಿದ್ದು ಹೇಗೆ?

ಇರಾಕ್‌ನ ಭೂಪುರಾತತ್ವಜ್ಞ ಜಾಫರ್ ಜೋಥೆರಿ ಅವರ ತಂಡ 1960ರ ದಶಕದ ಅಮೆರಿಕದ ಗೂಢಚಾರ ಉಪಗ್ರಹ ಚಿತ್ರಗಳು, ಡ್ರೋನ್ ಮತ್ತು ಕ್ಷೇತ್ರ ಸಮೀಕ್ಷೆ ಬಳಸಿ 2025ರಲ್ಲಿ ಇಲ್ಲಿನ ನಕ್ಷೆ ಪ್ರಕಟಿಸಿತು. ಅದರಲ್ಲಿ 200ಕ್ಕೂ ಹೆಚ್ಚು ಮುಖ್ಯ ಕಾಲುವೆಗಳು, 4,000ಕ್ಕೂ ಹೆಚ್ಚು ಕಿರುಗಾಲುವೆಗಳು, 700ಕ್ಕೂ ಹೆಚ್ಚು ಹೊಲಗಳಿವೆ.

ಇವೆಲ್ಲ ಒಬ್ಬ ರಾಜ ಒಮ್ಮೆಲೇ ತೋಡಿಸಿದ ಕಾಲುವೆಗಳಲ್ಲ. ಹೂಳು ತುಂಬಿದಂತೆ ಹಳೆಯದನ್ನು ಬಿಟ್ಟು ಹೊಸದನ್ನು ತೋಡುತ್ತ, ತಲೆಮಾರುಗಳ ಕಾಲ ಜನ ದುಡಿದ ಗುರುತುಗಳು. ಹೊಲ ತಂದುಕೊಟ್ಟ ಹೂಳನ್ನೇ ಕಾಲುವೆಯಿಂದ ಎತ್ತಿಹಾಕುವ ಕೆಲಸ ಮುಗಿಯುತ್ತಲೇ ಇರಲಿಲ್ಲ.

ಕೊನೆಗೆ ಏನಾಯಿತು?

ಸುಮಾರು 3,000 ವರ್ಷಗಳ ಹಿಂದೆ ಯೂಫ್ರೆಟಿಸ್ ಹಾದಿ ಬದಲಿಸಿತು. ಎತ್ತರಕ್ಕೇರಿದ ನದಿ ತಗ್ಗಿನ ಕಡೆಗೆ ಹೊರಳುವುದು ಸಹಜ. ನೀರಿಲ್ಲದೆ ಕಾಲುವೆಗಳು ಒಣಗಿದವು, ಜನ ಊರು ಬಿಟ್ಟರು. ಬೇರೆಡೆ ಹಳೆಯ ಕಾಲುವೆಗಳ ಮೇಲೆ ಹೊಸವು ಬಂದು ಗುರುತು ಅಳಿಸಿದವು. ಎರಿಡುವಿನಲ್ಲಿ ಮತ್ತೆ ಯಾರೂ ಉಳಲಿಲ್ಲ, ಹಾಗಾಗಿ ಎಲ್ಲವೂ ಉಳಿದುಕೊಂಡಿತು.

ನೀರಾವರಿ ಎಂದರೆ ನದಿಯನ್ನು ಗೆಲ್ಲುವುದಲ್ಲ, ಅದರ ಜೊತೆ ಮಾಡಿಕೊಳ್ಳುವ ಒಪ್ಪಂದ. ಎರಿಡುವಿನಲ್ಲಿ ಆ ಒಪ್ಪಂದವನ್ನು ಮೊದಲು ಮುರಿದದ್ದು ನದಿ.