ದುರ್ಬಲ ಕೈಗೆ ಯಂತ್ರದ ನೆರವು

ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಅನೇಕರು ಕೆಲವು ತಿಂಗಳುಗಳಲ್ಲಿ ಎದ್ದು ನಡೆದಾಡುವಂತಾದರೂ ಅವರ ಕೈ ಮಾತ್ರ ಹಿಂದುಳಿಯುತ್ತದೆ. ಅನ್ನ ಕಲಸುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಬೀಗ ತೆಗೆಯುವುದು ಮೊದಲಾದ ಕೆಲಸಗಳಿಗೆ ಅವರು ಮನೆಯವರನ್ನೇ ಅವಲಂಬಿಸಬೇಕಾಗುತ್ತದೆ.

ಇಲ್ಲಿ ದೋಷವಿರುವುದು ಕೈಯಲ್ಲಲ್ಲ, ಮೆದುಳಿನಲ್ಲಿ. ಅಲ್ಲಿ ನಾಶವಾದ ಜೀವಕೋಶಗಳು ಮರಳಿ ಬಾರವಾದರೂ ಉಳಿದ ಭಾಗಗಳು ಅವುಗಳ ಕಾರ್ಯವನ್ನು ತಕ್ಕಮಟ್ಟಿಗೆ ವಹಿಸಿಕೊಳ್ಳಬಲ್ಲವು. ಅದಕ್ಕಾಗಿ ರೋಗಿಯು ಒಂದೇ ಚಲನೆಯನ್ನು ಸ್ವಪ್ರಯತ್ನದಿಂದ ನೂರಾರು ಬಾರಿ ಮಾಡಬೇಕು. ಹಲವರನ್ನು ನೋಡಿಕೊಳ್ಳಬೇಕಾದ ಭೌತಚಿಕಿತ್ಸಕರಿಗೆ ಒಬ್ಬರಿಂದಲೇ ಅಷ್ಟು ಅಭ್ಯಾಸ ಮಾಡಿಸಲು ಸಮಯ ಸಾಲದು. ಈ ಕೊರತೆಯನ್ನು ತುಂಬುವುದೇ ರೋಬಾಟ್ ಸಾಧನಗಳ ಉದ್ದೇಶ.

ಇಂಥ ಸಾಧನಗಳು ವಿದೇಶಗಳಲ್ಲಿ 1990ರ ದಶಕದಿಂದಲೂ ಬಳಕೆಯಲ್ಲಿವೆ. ಬೆಲೆ ಮಾತ್ರ ದುಬಾರಿ. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಮತ್ತು ಮದ್ರಾಸಿನ ಐಐಟಿ ಜೊತೆಗೂಡಿ 'ಪ್ಲೂಟೊ' ಎಂಬ ಸಾಧನವನ್ನು ರೂಪಿಸಿವೆ. ಮೇಜಿನ ಮೇಲಿಡಬಹುದಾದ ಇದರಲ್ಲಿರುವುದು ಒಂದೇ ಮೋಟಾರು. ಹಿಡಿಕೆಯನ್ನು ಬದಲಾಯಿಸಿದರೆ ಅದೇ ಮೋಟಾರು ಮಣಿಕಟ್ಟನ್ನು ಬಗ್ಗಿಸಲು, ಮುಂಗೈಯನ್ನು ಹೊರಳಿಸಲು, ಮುಷ್ಟಿಯನ್ನು ಬಿಚ್ಚಿ ಮುಚ್ಚಲು ಒದಗುತ್ತದೆ. ಪರದೆಯ ಮೇಲೆ ಮೂಡುವ ಆಟವನ್ನು ರೋಗಿಯು ಕೈಯ ಚಲನೆಯಿಂದಲೇ ಆಡಬೇಕು. ಅವನ ಪ್ರಯತ್ನ ಎಷ್ಟು ಸಾಲದಾಗುವುದೋ ಅಷ್ಟನ್ನು ಮಾತ್ರ ಯಂತ್ರವು ಪೂರೈಸುತ್ತದೆ. ಯಂತ್ರವೇ ಕೈಯನ್ನು ಆಡಿಸಲೆಂದು ಸುಮ್ಮನೆ ಕುಳಿತರೆ ಪ್ರಯೋಜನ ಅತ್ಯಲ್ಪ.

ಇದನ್ನು ಪವಾಡವೆಂದು ಭಾವಿಸಿ ಸಾಲ ಮಾಡಿ ಹಣ ಸುರಿಯುವುದು ಉಚಿತವಲ್ಲ. ಬ್ರಿಟನ್ನಿನಲ್ಲಿ 770 ರೋಗಿಗಳನ್ನೊಳಗೊಂಡು ನಡೆದ ಅಧ್ಯಯನವೊಂದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕೈಯಿಂದ ಕೆಲಸ ಮಾಡುವ ಸಾಮರ್ಥ್ಯದಲ್ಲಿ, ರೋಬಾಟ್ ಅಭ್ಯಾಸ ಪಡೆದವರು ಸಾಮಾನ್ಯ ಚಿಕಿತ್ಸೆ ಪಡೆದವರನ್ನು ಮೀರಿಸಲಿಲ್ಲವೆಂದು ಅದರಿಂದ ತಿಳಿದುಬಂದಿದೆ. ಯಂತ್ರದಲ್ಲಿ ಕಲಿತ ಚಲನೆಯನ್ನು ಲೋಟ ಎತ್ತುವುದಕ್ಕೆ, ಬಟ್ಟೆ ಮಡಿಸುವುದಕ್ಕೆ ಬಳಸುವಂತೆ ಮಾಡಲು ಚಿಕಿತ್ಸಕರ ಮಾರ್ಗದರ್ಶನವೂ ಮನೆಯ ಅಭ್ಯಾಸವೂ ಬೇಕೇ ಬೇಕು.

ಯಂತ್ರವು ಎಲ್ಲೆಡೆ ದೊರೆಯದಿದ್ದರೂ ಚಿಕಿತ್ಸೆಯನ್ನು ಮುಂದೂಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನ ವಿಭಾಗವಿದೆ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು ಶಿವಾಜಿನಗರದ ಸಂಚೇತಿ ಅಸ್ಥಿಚಿಕಿತ್ಸಾ ಮತ್ತು ಪುನಶ್ಚೇತನ ಸಂಸ್ಥೆಯಲ್ಲಿಯೂ, ಮುಂಬಯಿಯವರು ಹಾಜಿ ಅಲಿಯಲ್ಲಿರುವ ಕೇಂದ್ರ ಸರ್ಕಾರದ ಭೌತವೈದ್ಯ ಮತ್ತು ಪುನಶ್ಚೇತನ ಸಂಸ್ಥೆಯಲ್ಲಿಯೂ ವಿಚಾರಿಸಬಹುದು.

ಮನೆಯವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ರೋಗಿಯನ್ನು ಎಬ್ಬಿಸಿ ಕೂರಿಸುವಾಗ ದುರ್ಬಲ ಕೈಯನ್ನು ಹಿಡಿದು ಎಳೆಯಬಾರದು. ಸ್ನಾಯುಗಳ ಬಿಗಿ ಸಡಿಲಿರುವುದರಿಂದ ಭುಜದ ಕೀಲಿಗೆ ಪೆಟ್ಟಾಗುವ ಸಂಭವವುಂಟು. ಭುಜ ನೋಯತೊಡಗಿದರೆ ರೋಗಿಯು ಕೈಯ ಅಭ್ಯಾಸವನ್ನೇ ಕೈಬಿಡುತ್ತಾನೆ.